ದೊಡ್ಡಮ್ಮನ ಕನ್ನಡ ಮತ್ತು ಫೋನಿನ ಕಿವಿ

ಹೊಸ ಫೋನು ಮಾರುಕಟ್ಟೆಗೆ ಬಂದಾಗಲೆಲ್ಲ ಜನ ಕ್ಯಾಮೆರಾ, ಬ್ಯಾಟರಿ, ಮಡಚುವ ಸ್ಕ್ರೀನ್ ಬಗ್ಗೆ ಮಾತಾಡುತ್ತಾರೆ. ನನಗೆ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ. ಈ ಹತ್ತು ವರ್ಷದಲ್ಲಿ ಫೋನು ಕಲಿತ ದೊಡ್ಡ ವಿದ್ಯೆ ಯಾವುದು ಅಂತ ಯಾರಾದರೂ ಕೇಳಿದರೆ, ಕನ್ನಡ ಕೇಳಿಸಿಕೊಳ್ಳಲು ಕಲಿತದ್ದು ಅಂತಲೇ ಹೇಳುತ್ತೇನೆ.

ಕನ್ನಡ ಟೈಪ್ ಮಾಡಲು ನಮಗೆ ಸೌಕರ್ಯಗಳು ಇರಲಿಲ್ಲ ಅಂತೇನಲ್ಲ. ಬರಹ, ನುಡಿ ಅನ್ನುವ ತಂತ್ರಾಂಶಗಳು ಬಂದವು, ಕೆ.ಪಿ. ರಾವ್ ಅವರ ಕೀಲಿಮಣೆ ಬಂತು. ಕಂಪ್ಯೂಟರ್ ಮುಂದೆ ಕೂರುವ ನಮ್ಮಂಥವರಿಗೆ ಅವು ಮಾಡಿದ ಉಪಕಾರ ದೊಡ್ಡದು. ಆದರೆ ಜೀವನವಿಡೀ ಕತ್ತಿ, ಗುದ್ದಲಿ ಹಿಡಿದ ಬೆರಳಿಗೆ ಅಂಗೈಯಗಲದ ಗಾಜಿನ ಮೇಲೆ ಒತ್ತಕ್ಷರ ಮೂಡಿಸು ಅಂದರೆ ಕಷ್ಟ ಅಲ್ವಾ? ನಮ್ಮ ಊರಿನ ಹಿರಿಯರು ಅದಕ್ಕೇ ವಾಟ್ಸಾಪಿನಲ್ಲಿ ಬರೆಯುವುದಿಲ್ಲ, ಮೈಕ್ ಒತ್ತಿ ಮಾತಾಡಿ ಕಳಿಸುತ್ತಾರೆ. 2017ರಲ್ಲಿ ಗೂಗಲ್ ಕನ್ನಡಕ್ಕೆ ಧ್ವನಿ ಟೈಪಿಂಗ್ ಕೊಟ್ಟಾಗ ನನಗೆ ಮೊದಲು ನೆನಪಾದದ್ದು ಇವರೇ. 2024ರ ಅಕ್ಟೋಬರಿನಲ್ಲಿ ಗೂಗಲ್ಲಿನ ಮಾತಾಡುವ ಎಐ ಜೆಮಿನಿ ಲೈವ್ ಕನ್ನಡದಲ್ಲೂ ಮಾತಾಡುತ್ತದೆ ಅಂತ ಸುದ್ದಿ ಬಂದಾಗಲೂ ಇವರೇ ನೆನಪಾದರು. ಓದು ಬರಹ ಬೇಡ, ಬಾಯಿದ್ದರೆ ಸಾಕು ಅನ್ನುವ ಕಾಲ ಬಂತು ಅಂತ ಬಹಳ ಖುಷಿಪಟ್ಟಿದ್ದೆ.

ಶಿರಸಿ ಕಡೆಯ ನಮ್ಮ ಮನೆಯಲ್ಲಿ ಕಳೆದ ಮಳೆಗಾಲದ ಒಂದು ದಿನ ಈ ಖುಷಿಯ ಜೊತೆಗೆ ಒಂದು ಚಿಂತೆಯನ್ನೂ ಸೇರಿಸಿತು.

ಶ್ರಾವಣದ ಮಳೆ. ಬೆಳಿಗ್ಗೆ ದೊಡ್ಡಪ್ಪ ತೋಟಕ್ಕೆ ಹೋಗಿ ಬಂದವರು ಜಗುಲಿಯ ಮೇಲೆ ಒಂದು ಹಿಡಿ ಹಸಿ ಅಡಿಕೆ ಸುರಿದರು. ಎಳೆಯ ಕಾಯಿಗಳು. ತೊಟ್ಟಿನ ಹತ್ತಿರ ನೀರು ನೆನೆದಂಥ ಕಪ್ಪು ಹಸಿರು ಕಲೆ, ಒಂದೆರಡರ ಮೇಲೆ ಬೆಳ್ಳಗೆ ಬೂಸ್ಟು. ಕೊಳೆರೋಗ. ಮಳೆ ಹಿಡಿಯುವ ಮೊದಲು ಒಂದು ಸಲ ಮದ್ದು ಹೊಡೆಸಿದ್ದರು. ಎರಡನೇ ಮದ್ದಿಗೆ ಮಳೆ ಬಿಡುವು ಕೊಟ್ಟಿರಲಿಲ್ಲ, ಕೊನೆಗೌಡರೂ ಸಿಕ್ಕಿರಲಿಲ್ಲ. ಮರ ಹತ್ತುವವರು ಈಗ ಸಿಗುವುದೇ ಕಡಿಮೆ. ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಬಂದ ಮೇಲೆ ನೆಲದಲ್ಲೇ ನಿಂತು ಮದ್ದು ಹೊಡೆಯುವವರು ಇದ್ದಾರೆ, ಆದರೆ ಅವರಿಗೂ ಆ ಹೊತ್ತಿನಲ್ಲಿ ಎಲ್ಲ ಕಡೆಯಿಂದ ಕರೆ.

ಅಣ್ಣ ದೊಡ್ಡಪ್ಪನ ಫೋನಿಗೆ ಮಾತಾಡುವ ಎಐ ಆಪ್ ಒಂದನ್ನು ಹಾಕಿಕೊಟ್ಟಿದ್ದ. ಯಾವ ಆಪ್ ಅನ್ನುವುದು ಮುಖ್ಯವಲ್ಲ. "ಇದಕ್ಕೆ ಕೇಳಿ ನೋಡಿ ದೊಡ್ಡಪ್ಪ" ಅಂತ ನಾನೇ ಹೇಳಿದೆ. ಅವರು ಫೋನನ್ನು ಬಾಯಿಯ ಹತ್ತಿರ ತಂದು, ಮನೆಯಲ್ಲಿ ಮಾತಾಡುವಂತೆಯೇ ಕೇಳಿದರು: "ಅಡಕೆಗೆ ಕೊಳೆ ಬಂಜು. ಎಂತ ಮಾಡವು?"

ಹವ್ಯಕ ಮಾತು ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕೊಳೆ ಬಂದಿದೆ, ಏನು ಮಾಡಬೇಕು ಅಂತ ಅದರ ಅರ್ಥ. ಸ್ಕ್ರೀನ್ ಮೇಲೆ "ಅಡಿಗೆಗೆ ಕೊಳೆ ಬಂದು ಎಂಥ ಮಾಡುವ" ಅಂತ ಮೂಡಿತು. ಆಮೇಲೆ ಇಂಪಾದ ಹೆಣ್ಣು ದನಿ ಅಡಿಗೆಮನೆಯ ಜಿಡ್ಡು ತೆಗೆಯುವುದು ಹೇಗೆ ಅಂತ ವಿವರಿಸತೊಡಗಿತು. ಅಡಿಗೆ ಸೋಡಾ, ನಿಂಬೆ ರಸ, ಬಿಸಿ ನೀರು. ದೊಡ್ಡಪ್ಪ ಅರ್ಧಕ್ಕೆ ತಡೆಯಲಿಲ್ಲ, ಪೂರ್ತಿ ಕೇಳಿಸಿಕೊಂಡರು.

ಆಮೇಲೆ ಅವರು ಮಾಡಿದ್ದನ್ನು ನಾನು ಮರೆಯುವುದಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತರು. ಗಂಟಲು ಸರಿ ಮಾಡಿಕೊಂಡರು. ತಾಲ್ಲೂಕು ಕಚೇರಿಯಲ್ಲಿ ಅಧಿಕಾರಿಯ ಮುಂದೆ ನಿಂತಾಗ ಬರುವ ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದರು: "ನಮ್ಮ ಅಡಿಕೆ ತೋಟಕ್ಕೆ ಕೊಳೆರೋಗ ಬಂದಿದೆ. ದಯವಿಟ್ಟು ಪರಿಹಾರ ತಿಳಿಸಿ."

ಈಗ ಫೋನಿಗೆ ಎಲ್ಲ ತಿಳಿಯಿತು. ಶೇಕಡಾ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿಕೊಂಡು ಬೆರೆಸಬೇಕು. ಉದುರಿದ ಕಾಯಿ ಹೆಕ್ಕಿ ತೋಟದಿಂದ ಹೊರಗೆ ಹಾಕಬೇಕು. ಮಳೆ ಬಿಟ್ಟಾಗ ಅಡಿಕೆ ಗೊನೆ ಪೂರ್ತಿ ನೆನೆಯುವ ಹಾಗೆ ಹೊಡೆಯಬೇಕು. ಎಲ್ಲ ಸರಿಯಾದ ಮಾತೇ. ದೊಡ್ಡಪ್ಪ ತಲೆದೂಗಿದರು. ಅಷ್ಟಕ್ಕೇ ಬಿಡಲಿಲ್ಲ. ಸುಣ್ಣ ಹಳೆಯದಾಗಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಕತ್ತಿಯ ಅಲಗನ್ನು ಮದ್ದಿನಲ್ಲಿ ಅದ್ದಿ ನೋಡಬೇಕು, ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಹಾಕಬೇಕು ಅಂತ ನನಗೆ ಹೇಳಿದರು. ನಮ್ಮ ಕಡೆಯ ಮಳೆಗೆ ರಾಳದ ಅಂಟು ಸೇರಿಸದಿದ್ದರೆ ಮದ್ದು ಕಾಯಿಯ ಮೇಲೆ ನಿಲ್ಲುವುದಿಲ್ಲ ಅಂತಲೂ ಹೇಳಿದರು. ಇದನ್ನೆಲ್ಲ ಹೇಳಿದ್ದು ಮನೆಮಾತಿನಲ್ಲಿ. ಫೋನಿನ ಕಡೆ ತಿರುಗಿದರೆ ಮತ್ತೆ ಕಚೇರಿಯ ದನಿ.

ಅವತ್ತು ಮಧ್ಯಾಹ್ನದವರೆಗೂ ಅವರಿಗೆ ಅದರದ್ದೇ ಉತ್ಸಾಹ. ಮಳೆಯ ಮುನ್ಸೂಚನೆ ಕೇಳಿದರು, ಕಾಳುಮೆಣಸಿನ ಬಳ್ಳಿಗೆ ಬರುವ ಸೊರಗು ರೋಗ ಕೇಳಿದರು, ಬೆಳೆ ವಿಮೆ ಕೇಳಿದರು. ಎಪ್ಪತ್ತು ದಾಟಿದ ಮನುಷ್ಯ, ಯಾರ ಸಹಾಯವೂ ಇಲ್ಲದೆ, ಜಗುಲಿಯಲ್ಲಿ ಕೂತು ತನಗೆ ಬೇಕಾದ್ದನ್ನು ಕೇಳಿ ತಿಳಿದುಕೊಂಡರು. ಇದನ್ನು ನಾನು ಸಣ್ಣ ಸಂಗತಿ ಅಂತ ಯಾವತ್ತೂ ಹೇಳುವುದಿಲ್ಲ. ಎಐ ಅಂದರೆ ಬರೀ ಫೋಟೋಗೆ ಬಣ್ಣ ಬಳಿಯುವ ಟ್ರೆಂಡ್ ಅಂತ ಮೂಗು ಮುರಿಯುವವರು ಒಂದು ದಿನ ಹೀಗೆ ಹಿರಿಯರ ಪಕ್ಕ ಕೂತು ನೋಡಬೇಕು.

ಸಂಜೆ ದೊಡ್ಡಮ್ಮನ ಸರದಿ. ಅವರು ಶಾಲೆಗೆ ಹೋದದ್ದು ನಾಲ್ಕನೇ ಇಯತ್ತೆವರೆಗೆ. ಫೋನು ಹಿಡಿದು ಸ್ವಲ್ಪ ನಾಚಿಕೆಯಿಂದಲೇ ಕೇಳಿದರು: "ಕಾಲ್ ಗಂಟು ರಾಶಿ ನೋಯ್ತು. ಮೆಟ್ಲು ಹತ್ತಲೆ ಆಗ್ತಿಲ್ಲೆ."

ಕಾಲ್ ಗಂಟು ಅಂದರೆ ಮಂಡಿ, ರಾಶಿ ಅಂದರೆ ನಮ್ಮಲ್ಲಿ ಬಹಳ, ತುಂಬಾ. ಫೋನು ರಾಶಿಯನ್ನು ಬೇರೆಯೇ ತಿಳಿದುಕೊಂಡು, ನಿಮ್ಮ ಜನ್ಮ ರಾಶಿ ಯಾವುದು ಅಂತ ಕೇಳಿತು. ಅಲ್ಲಿದ್ದವರೆಲ್ಲ ನಕ್ಕರು. ದೊಡ್ಡಮ್ಮ ನಗಲಿಲ್ಲ. ಇನ್ನೊಂದು ಸಲ, ಸ್ವಲ್ಪ ಜೋರಾಗಿ, ಅದೇ ಮಾತನ್ನು ಹೇಳಿದರು. ಈ ಸಲ ಫೋನು ಮೆಟ್ಟಿಲು ಹತ್ತುವುದರಿಂದ ಆರೋಗ್ಯಕ್ಕೆ ಆಗುವ ಲಾಭಗಳನ್ನು ಹೇಳಿತು. ಅವರು ಫೋನನ್ನು ನನ್ನ ಕೈಗೆ ಕೊಟ್ಟು, "ಯನ್ನ ಮಾತು ಇದಕ್ಕೆ ತಿಳಿತಿಲ್ಲೆ. ನೀನೇ ಕೇಳು" ಅಂದು ದೀಪ ಹಚ್ಚಲು ಎದ್ದು ಹೋದರು.

ದೊಡ್ಡಪ್ಪನಿಗೆ ಸಾಧ್ಯವಾದದ್ದು ದೊಡ್ಡಮ್ಮನಿಗೆ ಯಾಕೆ ಆಗಲಿಲ್ಲ? ದೊಡ್ಡಪ್ಪ ಹೈಸ್ಕೂಲು ಓದಿದವರು, ಸೊಸೈಟಿಯ ಸಭೆಗಳಲ್ಲಿ ಮಾತಾಡಿದವರು, ಅರ್ಜಿ ಬರೆದವರು. ಅವರ ಹತ್ತಿರ ಎರಡು ಕನ್ನಡ ಇದೆ. ಒಂದು ನಡೆಯದಿದ್ದರೆ ಇನ್ನೊಂದನ್ನು ತೆಗೆಯುತ್ತಾರೆ. ದೊಡ್ಡಮ್ಮನ ಹತ್ತಿರ ಇರುವುದು ಒಂದೇ. ಅದರಲ್ಲಿ ಅವರು ನೂರು ಜನರ ಊಟದ ಲೆಕ್ಕ ಹೇಳಬಲ್ಲರು, ತೋಟದ ಯಾವ ಮರ ಯಾವ ವರ್ಷ ಎಷ್ಟು ಕೊಟ್ಟಿತು ಅಂತ ಹೇಳಬಲ್ಲರು. ಓದಲು ಬರೆಯಲು ಕಷ್ಟಪಡುವವರಿಗೇ ಅಂತ ಬಂದ ಸೌಕರ್ಯ, ಕೊನೆಗೆ ಓದು ಬಲ್ಲವರ ಮಾತನ್ನಷ್ಟೇ ಚೆನ್ನಾಗಿ ಕೇಳಿಸಿಕೊಳ್ಳುತ್ತಿದೆ. ನನಗೆ ಹತ್ತಿದ ಚಿಂತೆ ಇದು.

ಇದು ಹವ್ಯಕರ ಗೋಳು ಮಾತ್ರ ಅಂತ ಯಾರೂ ತಿಳಿಯಬಾರದು. ನಮ್ಮ ಒಂದೇ ಜಿಲ್ಲೆಯಲ್ಲಿ ಅಂಕೋಲಾ, ಕುಮಟಾ ಕಡೆಯ ಹಾಲಕ್ಕಿಗಳ ಕನ್ನಡ ಬೇರೆ, ನಾಡವರ ಕನ್ನಡ ಬೇರೆ, ಘಟ್ಟದ ಮೇಲಿನದು ಬೇರೆ. ಕುಂದಾಪುರಕ್ಕೆ ಇಳಿದರೆ ಮತ್ತೊಂದು. ಧಾರವಾಡ ದಾಟಿ ಕಲಬುರಗಿಗೆ ಹೋದರೆ ಇನ್ನೊಂದು. "ಮಳಿ ಬರಾಕತ್ತೈತಿ" ಅನ್ನುವ ಅಜ್ಜನೂ ಫೋನಿನ ಮುಂದೆ "ಮಳೆ ಬರುತ್ತಿದೆ" ಅನ್ನಬೇಕಾದರೆ ಬಗ್ಗಿದ್ದು ಯಾರು, ಯಂತ್ರವೋ ಮನುಷ್ಯನೋ?

ಯಂತ್ರಕ್ಕೆ ಕಿವಿ ಬರುವುದು ಅದಕ್ಕೆ ಕೇಳಿಸಿದ ಮಾತಿನಿಂದ. ಸಾವಿರಾರು ಗಂಟೆಗಳ ಮಾತು, ಜೊತೆಗೆ ಅದರ ಬರಹ, ಎರಡನ್ನೂ ಕೊಟ್ಟು ಕಲಿಸುತ್ತಾರೆ. ಈ ಮಾತು ಎಲ್ಲಿಂದ ಬರುತ್ತದೆ ಅಂತ ನೋಡಿದರೆ ವಿಷಯ ಅರ್ಥವಾಗುತ್ತದೆ. ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ, ಭಾರತೀಯ ಭಾಷೆಗಳ ಎಐ ಯೋಜನೆಯಾದ ಭಾಷಿಣಿಯಲ್ಲಿ ಭಾಷಾದಾನ ಅಂತ ಒಂದು ಭಾಗ ಇದೆ, ಯಾರು ಬೇಕಾದರೂ ಧ್ವನಿ ಕೊಡಬಹುದು. ಒಳ್ಳೆಯ ಕೆಲಸ. ಆದರೆ ಅಲ್ಲಿ ಸ್ಕ್ರೀನ್ ಮೇಲೆ ಬರುವ ವಾಕ್ಯವನ್ನು ಓದಿ ಹೇಳಬೇಕು. ಕಾರ್ಯ ಅನ್ನುವ ಸಂಸ್ಥೆ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಜನರಿಂದ ಫೋನಿನಲ್ಲಿ ಕನ್ನಡ ಓದಿಸಿಕೊಂಡು ಅದಕ್ಕೆ ದುಡ್ಡನ್ನೂ ಕೊಟ್ಟಿದೆ, ಅದೂ ಮೆಚ್ಚುವ ಕೆಲಸವೇ. ಆದರೂ ಓದಿದ್ದು ಓದಿದ್ದೇ. ಅಲ್ಲಿ ಉಚ್ಚಾರ ನಮ್ಮ ಊರಿನದು ಬರಬಹುದು, "ಬಂಜು", "ಬರಾಕತ್ತೈತಿ" ಬರುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಎಐ ಸಂಶೋಧನೆ ಮಾಡುವ ಆರ್ಟ್‌ಪಾರ್ಕ್ ಗೂಗಲ್ ಜೊತೆ ಸೇರಿ ನಡೆಸುತ್ತಿರುವ ವಾಣಿ ಯೋಜನೆಯ ದಾರಿ ನನಗೆ ಇದಕ್ಕಿಂತ ಇಷ್ಟ. ಅಲ್ಲಿ ಓದಲು ವಾಕ್ಯ ಕೊಡುವುದಿಲ್ಲ. ಒಂದು ಚಿತ್ರ ತೋರಿಸಿ, ಇದರಲ್ಲಿ ಏನಿದೆ ನಿಮ್ಮ ಮಾತಿನಲ್ಲಿ ಹೇಳಿ ಅನ್ನುತ್ತಾರೆ. ದೇಶದ ಎಲ್ಲ ಜಿಲ್ಲೆಗಳಿಂದ ಹೀಗೆ ಮಾತು ಕೂಡಿಸುವುದು ಅವರ ಗುರಿ. ದೊಡ್ಡಮ್ಮನಂಥವರು ಯಂತ್ರದ ಕಿವಿಗೆ ಬೀಳುವುದು ಹೀಗೆ ಮಾತ್ರ.

ನೂರು ವರ್ಷದ ಹಿಂದಿನ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಇದೇ ರೋಗವನ್ನು ಅಭ್ಯಾಸ ಮಾಡಿ, ಬೋರ್ಡೋ ಮದ್ದು ಹೊಡೆಯುವುದನ್ನು ಮಲೆನಾಡಿಗೆ ಕಲಿಸಿಕೊಟ್ಟರು. 1910ರಲ್ಲಿ ಅವರು ಇಂಗ್ಲಿಷಿನಲ್ಲಿ ವರದಿ ಬರೆದಾಗ ರೋಗಕ್ಕೆ ಬೆಳೆಗಾರರು ಕರೆಯುತ್ತಿದ್ದ ಕೊಳೆರೋಗ ಅನ್ನುವ ಹೆಸರನ್ನೇ ಇಟ್ಟುಕೊಂಡರು. ವಿಜ್ಞಾನ ಅವತ್ತು ತೋಟಕ್ಕೆ ಬಂದು ತೋಟದವರ ಮಾತು ಕಲಿತಿತ್ತು. ಇವತ್ತಿನ ಕಂಪನಿಗಳಿಂದಲೂ ನಾನು ಕೇಳುವುದು ಅಷ್ಟೇ. ಫೋನು ಮಾರುವಾಗ ನಮ್ಮ ಹಳ್ಳಿಯ ಕೊನೆಯ ಮನೆಯವರೆಗೂ ಬರುತ್ತಾರೆ, ಮಾತು ಕಲಿಯಲಿಕ್ಕೂ ಅಲ್ಲಿಯವರೆಗೆ ಬರಲಿ.

ಮಂಡಿ ನೋವಿನ ಪ್ರಶ್ನೆಯನ್ನು ಅವತ್ತು ನಾನೇ ಕೇಳಲಿಲ್ಲ. ಮರುದಿನ ದೊಡ್ಡಮ್ಮನನ್ನು ಶಿರಸಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆವು, ಅದು ಫೋನಿಗೆ ಬಿಡುವ ವಿಷಯ ಅಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅವರಿಗೆ ಈ ಚಿತ್ರ ತೋರಿಸಿ ಮಾತಾಡಿಸುವ ಯೋಜನೆಯ ಬಗ್ಗೆ ಹೇಳಿದೆ. ಅವಕಾಶ ಸಿಕ್ಕರೆ ಮಾತಾಡುತ್ತೀರಾ ಅಂತ ಕೇಳಿದೆ. ಸ್ವಲ್ಪ ಯೋಚಿಸಿ, ಮಾತಾಡುತ್ತೇನೆ, ಆದರೆ ಹೆಸರು ಹಾಕಬಾರದು, ಜೊತೆಗೆ ಪಕ್ಕದ ಮನೆಯವಳನ್ನೂ ಕೂರಿಸಬೇಕು, ಒಬ್ಬಳೇ ಫೋನಿನ ಎದುರು ಕೂತರೆ ಮಾತು ಬರುವುದಿಲ್ಲ ಅಂದರು.