ಆ ಶಾಫ್ಟ್ ಎಲ್ಲಿದೆ? ವರ್ಕ್‌ಶಾಪ್ ಬೋರ್ಡಿನ ಹನ್ನೊಂದು ವಾರದ ಲಾಗ್

ನಮ್ಮ ಭಾವನಿಗೆ ಪೀಣ್ಯದಲ್ಲಿ ಒಂದು ಚಿಕ್ಕ ಮಷಿನ್ ಶಾಪ್ ಇದೆ. ಮೂರು ಸಿಎನ್‌ಸಿ ಲೇತ್ (ಕಂಪ್ಯೂಟರ್ ನಡೆಸುವ ಟರ್ನಿಂಗ್ ಮಷಿನ್), ಎರಡು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷಿನ್), ಒಂದು ಹಳೇ ಗ್ರೈಂಡರ್, ಹದಿನಾರು ಜನ. ನಾನು ವಾರವೆಲ್ಲ ಸಾಫ್ಟ್‌ವೇರ್ ಕೆಲಸ ಮಾಡುವವನು. ಶನಿವಾರ ಅಲ್ಲಿ ಹೋಗಿ ಕೂರೋದು ಹವ್ಯಾಸ ಅನ್ನಿ, ಬಿಟ್ಟಿ ಕಾಫಿ ಆಸೆ ಅನ್ನಿ.

ಅಲ್ಲಿ ದಿನವೆಲ್ಲ ಒಂದೇ ಪ್ರಶ್ನೆ: "ಆ ಶಾಫ್ಟ್ ಎಲ್ಲಿದೆ?" ಕಸ್ಟಮರ್ ಫೋನ್ ಮಾಡುತ್ತಾರೆ. ಭಾವ ಸೂಪರ್‌ವೈಸರ್‌ನ ಕೂಗುತ್ತಾನೆ. ಅವರು ಟ್ರೇಗಳ ಮಧ್ಯೆ ಹುಡುಕುತ್ತಾ ಹೊರಡುತ್ತಾರೆ. ಎಲ್ಲ ಜಾಬ್‌ಗಳೂ (ಜಾಬ್ ಅಂದರೆ ಒಂದು ಆರ್ಡರಿನ ಪೀಸುಗಳು) ಒಂದೇ ಚಿತ್ರದಲ್ಲಿ ಕಾಣೋ ಹಾಗೆ ಗೋಡೆಯ ಟಿವಿಗೆ ಹಾಕಿದರೆ ಹೇಗೆ ಅಂತ ಶುರುವಾದದ್ದು ಇದು.

ವಾರ 1

ಮೊದಲು ಗ್ಯಾಂಟ್ ಚಾರ್ಟ್ ಮಾಡಿದೆ. ಯಾವ ಮಷಿನ್ ಮೇಲೆ ಯಾವ ದಿನ ಯಾವ ಜಾಬ್ ಅಂತ ಉದ್ದುದ್ದ ಪಟ್ಟಿಗಳು. ಅಮೆರಿಕದ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಇದನ್ನು ಜನಪ್ರಿಯ ಮಾಡಿದ. ಪೋಲೆಂಡಿನ ಕರೋಲ್ ಅದಾಮೆಟ್ಸ್ಕಿ 1896ರಲ್ಲೇ ಇಂಥದ್ದೊಂದು ಮಾಡಿದ್ದ. ಪಾಪ, ಹೆಸರು ಮಾತ್ರ ಗ್ಯಾಂಟ್‌ಗೆ ಹೋಯಿತು.

ಸೋಮವಾರ ನೋಡೋಕೆ ಚೆಂದವಿತ್ತು. ಮಂಗಳವಾರ ಒಂದು ಲೇತಿನ ಟರೆಟ್ (ಟೂಲ್‌ಗಳನ್ನು ಹಿಡಿಯುವ ಭಾಗ) ಕೈಕೊಟ್ಟಿತು. ಬುಧವಾರ ಅರ್ಜೆಂಟ್ ಜಾಬ್ ಒಂದು ನುಗ್ಗಿತು. ಗುರುವಾರಕ್ಕೆ ನನ್ನ ಚಾರ್ಟು ಹೋದ ವರ್ಷದ ಪಂಚಾಂಗ. ಜಾಬ್ ಎಲ್ಲಿರಬೇಕು ಅಂತ ಅದು ಹೇಳುತ್ತಿತ್ತು. ಭಾವನಿಗೆ ಬೇಕಿದ್ದದ್ದು ಎಲ್ಲಿದೆ ಅಂತ. ಅಳಿಸಿದೆ.

ವಾರ 2, 3

ಗ್ರಾಫ್‌ವಿಜ್‌ಗೆ ಬಂದೆ, ಅಂದರೆ ಚೌಕ, ಬಾಣಗಳ ಚಿತ್ರ ಬರೆದುಕೊಡುವ ಸಾಫ್ಟ್‌ವೇರ್‌ಗೆ. ಒಂದೊಂದು ಕೆಲಸಕ್ಕೆ ಒಂದು ಚೌಕ, ರೂಟಿಂಗ್‌ಗೆ, ಅಂದರೆ ಒಂದು ಕೆಲಸದಿಂದ ಮುಂದಿನದಕ್ಕೆ ಹೋಗುವ ದಾರಿಗೆ, ಬಾಣ. ಉದಾಹರಣೆಗೆ ಇಎನ್ 353 ಉಕ್ಕಿನ ಪಿನ್: ಕಟಿಂಗ್, ಟರ್ನಿಂಗ್, ಮಿಲ್ಲಿಂಗ್, ಕೇಸ್ ಹಾರ್ಡನಿಂಗ್‌ಗೆ (ಕಾಯಿಸಿ ಮೇಲ್ಮೈ ಗಟ್ಟಿ ಮಾಡೋಕೆ) ಹೊರಗೆ, ವಾಪಸ್ ಬಂದು ಗ್ರೈಂಡಿಂಗ್, ಇನ್‌ಸ್ಪೆಕ್ಷನ್, ಡಿಸ್ಪ್ಯಾಚ್. ಜಾಬ್ ಎಲ್ಲಿದೆಯೋ ಆ ಚೌಕದಲ್ಲಿ ಅದರ ನಂಬರ್. ಡೇಟಾ ಎಲ್ಲ ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ, ನಡುವೆ ಒಂದಿಷ್ಟು ಪೈಥಾನ್ ಪ್ರೋಗ್ರಾಂ, ಟಿವಿ ಹಿಂದೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್.

ಎರಡು ಎಡವಟ್ಟು. ಪೈನಲ್ಲಿ ಕನ್ನಡ ಫಾಂಟೇ ಇರಲಿಲ್ಲ. ಅಕ್ಷರದ ಬದಲು ಖಾಲಿ ಚೌಕಗಳು, ಅಂದರೆ ಚೌಕದೊಳಗೆ ಚೌಕ. ಗುಬ್ಬಿ ಫಾಂಟ್ ಹಾಕಿದ ಮೇಲೆ ಸರಿಹೋಯಿತು. ಎರಡನೆಯದು ಜಾಸ್ತಿ ಕಾಡಿತು. ಹೊಸ ಜಾಬ್ ಸೇರಿದಾಗಲೆಲ್ಲ ಗ್ರಾಫ್‌ವಿಜ್ ಇಡೀ ಚಿತ್ರವನ್ನು ಹೊಸದಾಗಿ ಜೋಡಿಸುತ್ತದೆ. ಬೆಳಿಗ್ಗೆ ಎಡಕ್ಕಿದ್ದ ಗ್ರೈಂಡಿಂಗ್ ಮಧ್ಯಾಹ್ನ ಬಲಕ್ಕೆ! "ನಮ್ಮ ಗ್ರೈಂಡರ್ ಬಾಗಿಲ ಪಕ್ಕ ಇದೆ ಸಾರ್, ಅಲ್ಲೇ ಇಡಿ" ಅಂದರು ಆಪರೇಟರ್. ಸರಿಯಾದ ಮಾತು ಅಲ್ವಾ? ಶಾಪಿನ ನೆಲದ ನಕ್ಷೆ ನೋಡಿ ಪ್ರತಿ ಚೌಕಕ್ಕೂ ಜಾಗ ನಾನೇ ಬರೆದುಕೊಟ್ಟೆ. ಗ್ರಾಫ್‌ವಿಜ್‌ನ ನೀಟೊ ಎಂಜಿನ್‌ಗೆ -n ಅಂತ ಹೇಳಿದರೆ ಕೊಟ್ಟ ಜಾಗ ಬಿಟ್ಟು ಕದಲುವುದಿಲ್ಲ.

ವಾರ 4, 5

ಜಾಬ್ ಮುಂದಕ್ಕೆ ಹೋದದ್ದು ಚಿತ್ರಕ್ಕೆ ಗೊತ್ತಾಗೋದು ಹೇಗೆ? ಟ್ಯಾಬ್ಲೆಟ್ ಇಟ್ಟೆ. ಕೂಲಂಟ್ (ಮಷಿನ್‌ನಲ್ಲಿ ತಂಪಿಗೆ ಸುರಿಯುವ ದ್ರವ) ಮೆತ್ತಿದ ಬೆರಳು ತಾಗಿದರೆ ಸ್ಕ್ರೀನ್ ಸುಮ್ನೆ ಇರುತ್ತದೆ, ಇಲ್ಲವೇ ಪಕ್ಕದ ಬಟನ್ ಒತ್ತುತ್ತದೆ. ಒಂದೇ ವಾರಕ್ಕೆ ಅದು ಮನೆಗೆ ವಾಪಸ್.

ಆಮೇಲೆ ಜಾಬ್ ಕಾರ್ಡ್ ಮೇಲೆ ಕ್ಯೂಆರ್ ಕೋಡ್ ಅಚ್ಚು ಹಾಕಿದೆ. ಯುಎಸ್‌ಬಿ ಸ್ಕ್ಯಾನರ್ ಕೀಬೋರ್ಡ್ ಥರವೇ ಕೆಲಸ ಮಾಡುತ್ತದೆ, ಡ್ರೈವರ್ ರಗಳೆ ಇಲ್ಲ. ಕೋಡಿನ ಎರರ್ ಕರೆಕ್ಷನ್ ಎಚ್ ಮಟ್ಟಕ್ಕೆ ಇಟ್ಟರೆ ಸುಮಾರು 30% ಹಾಳಾದರೂ ಓದಬಹುದು. ಕಾರ್ಡಿನ ಒಂದು ಮೂಲೆ ಎಣ್ಣೆ ಕುಡಿದು ಕಪ್ಪಾಗಿತ್ತು, ಇನ್ನೊಂದು ಮೂಲೆಯನ್ನು ಯಾರೋ ಹರಿದು ಫೋನ್ ನಂಬರ್ ಬರೆದುಕೊಂಡಿದ್ದರು. ಆದರೂ ಬೀಪ್ ಅಂತು. ಆ ಬೀಪ್ ಕೇಳಿ ನನಗಾದ ಖುಷಿ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ.

ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಲಾಗ್ ನೋಡಿದರೆ ಹದಿನಾಲ್ಕು ಸ್ಕ್ಯಾನ್ ಒಟ್ಟಿಗೆ, ಸಂಜೆ 6:10ಕ್ಕೆ. ಇಡೀ ದಿನದ್ದನ್ನು ಮನೆಗೆ ಹೊರಡುವಾಗ ಒಂದೇ ಏಟಿಗೆ ಮುಗಿಸುತ್ತಿದ್ದರು. ಬೈದು ಪ್ರಯೋಜನವಿಲ್ಲ. ಸ್ಕ್ಯಾನರ್ ಇದ್ದದ್ದು ಆಫೀಸಿನಲ್ಲಿ, ಅಷ್ಟು ದೂರ ಯಾರು ನಡೀತಾರೆ? ಇನ್ನೆರಡು ಕೊಂಡು ಲೇತ್ ಹತ್ತಿರ ಒಂದು, ಇನ್‌ಸ್ಪೆಕ್ಷನ್ ಟೇಬಲ್ ಮೇಲೆ ಒಂದು ಇಟ್ಟೆ.

ವಾರ 7

ಈ ವಾರ ನನ್ನ ಚಿತ್ರವೇ ತಪ್ಪು ಅಂತ ಗೊತ್ತಾಯಿತು.

ಜಾಬ್ 118, ಅರವತ್ತು ಪಿನ್. ಮಷಿನ್ ಮೇಲಿನ ಕೆಲಸ ಎಲ್ಲ ಕೂಡಿಸಿದರೆ 16 ಗಂಟೆ. ಡಿಸ್ಪ್ಯಾಚ್ ಆಗಿದ್ದು 17 ದಿನಕ್ಕೆ. ಸ್ಕ್ಯಾನ್ ಸಮಯಗಳನ್ನು ಸಾಲಾಗಿಟ್ಟು ನೋಡಿದೆ. ವಿಎಂಸಿ ಮುಂದೆ ಮೂರು ದಿನ ಟ್ರೇಯಲ್ಲಿ ಕೂತಿತ್ತು. ಹಾರ್ಡನಿಂಗ್‌ಗೆ ಹೊರಗೆ ಆರು ದಿನ. ಫರ್ನೇಸ್ ಒಳಗಿದ್ದದ್ದು ಅದರಲ್ಲಿ ಸ್ವಲ್ಪ, ಉಳಿದದ್ದು ಅವರ ಬ್ಯಾಚ್ ತುಂಬಲಿ ಅಂತ ಕಾದದ್ದು. ವಾಪಸ್ ಬಂದ ಮೇಲೆ ನಾಲ್ಕು ದಿನ ಗೇಟಿನ ಹತ್ತಿರ, ಮೇಜಿನ ಕೆಳಗೆ, ಗೋಣಿಚೀಲದಲ್ಲಿ. ಬಂದಿದೆ ಅಂತ ಒಳಗೆ ಯಾರಿಗೂ ಗೊತ್ತೇ ಇಲ್ಲ.

ಇಷ್ಟೆಲ್ಲ ದಿನ ಹೋದದ್ದು ನನ್ನ ಚಿತ್ರದ ಬಾಣಗಳಲ್ಲಿ. ನಾನು ಮಷಿನ್‌ಗಳಿಗೆ ಬಣ್ಣ ಹಚ್ಚುತ್ತಾ ಕೂತಿದ್ದೆ. ಬಾಣ ಅಂದರೆ ಕಣ್ಣು ಮಿಟುಕಿಸೋದರಲ್ಲಿ ಆಗುವ ಕೆಲಸ ಅಂದುಕೊಂಡಿದ್ದೆ.

ಭಾನುವಾರ ಕೂತು ಎಲ್ಲ ಬಿಚ್ಚಿದೆ. ಪ್ರತಿ ಮಷಿನ್ ಮುಂದೆ "ಕಾಯ್ತಾ ಇದೆ" ಅನ್ನುವ ಚೌಕ. "ಹೊರಗೆ ಹೋಗಿದೆ", "ಗೇಟಿಗೆ ಬಂದಿದೆ" ಅಂತ ಬೇರೆ ಎರಡು. ಹೊರಗೆ ಕಳಿಸುವಾಗ ಡೆಲಿವರಿ ಚಲನ್ ಹೇಗೂ ಬರೀಲೇಬೇಕು, ಹಾಗಾಗಿ ಕ್ಯೂಆರ್ ಅನ್ನು ಚಲನ್ ಮೇಲೂ ಹಾಕಿದೆ. ಈಗ ಮಾಲು ಬಂದ ಕೂಡಲೇ ಸೆಕ್ಯುರಿಟಿಯವರೇ ಸ್ಕ್ಯಾನ್ ಮಾಡುತ್ತಾರೆ. ಅವರಷ್ಟು ನಿಯತ್ತಾಗಿ ಮಾಡುವವರು ಇನ್ನೊಬ್ಬರಿಲ್ಲ.

ವಾರ 9

ಹೊಸ ಚಿತ್ರದಲ್ಲಿ ವಿಎಂಸಿ ಮುಂದಿನ "ಕಾಯ್ತಾ ಇದೆ" ಚೌಕ ಹನ್ನೊಂದು ಜಾಬ್ ತುಂಬಿ ಊದಿಕೊಂಡಿತ್ತು. ಭಾವನಿಗೆ ಲಿಟಲ್ ನಿಯಮದ ಲೆಕ್ಕ ತೋರಿಸಿದೆ. ಜಾನ್ ಲಿಟಲ್ ಇದರ ಗಣಿತದ ಪುರಾವೆಯನ್ನು 1961ರಲ್ಲಿ ಪ್ರಕಟಿಸಿದ. ನಮ್ಮ ಭಾಷೆಯಲ್ಲಿ ಹೇಳಿದರೆ, ಒಳಗಿರುವ ಜಾಬ್‌ಗಳನ್ನು ದಿನಕ್ಕೆ ಮುಗಿಯುವ ಜಾಬ್‌ಗಳಿಂದ ಭಾಗಿಸಿದರೆ ಒಂದು ಜಾಬ್ ಸರಾಸರಿ ಎಷ್ಟು ದಿನ ಒಳಗಿರುತ್ತದೆ ಅಂತ ಬರುತ್ತದೆ. ಒಳಗೆ 42, ದಿನಕ್ಕೆ 3. ಅಂದರೆ 14 ದಿನ. ಭಾವ ಎಲ್ಲರಿಗೂ ಹೇಳುತ್ತಿದ್ದದ್ದು 8 ದಿನ.

ಸ್ವಲ್ಪ ಹೊತ್ತು ಕ್ಯಾಲ್ಕ್ಯುಲೇಟರ್ ನೋಡಿದ. "ಹಾಗಾದ್ರೆ ಆರ್ಡರ್ ಬಿಡೋದಾ?" ಅಂದ. ಬಿಡೋದಲ್ಲ, ಎಲ್ಲವನ್ನೂ ಒಂದೇ ದಿನ ಶುರು ಮಾಡದಿರೋದು. ವಿಎಂಸಿ ಮುಂದೆ ನಾಲ್ಕಕ್ಕಿಂತ ಜಾಸ್ತಿ ಇದ್ದರೆ, ಅದಕ್ಕೆ ಹೋಗಬೇಕಾದ ಹೊಸ ಉಕ್ಕಿನ ಕಡ್ಡಿಯನ್ನು ಕಟ್ ಮಾಡಬಾರದು ಅಂತ ನಿಯಮ ಮಾಡಿದೆವು. ಟೊಯೋಟಾದ ಕಾನ್‌ಬಾನ್ ಪದ್ಧತಿ ಮಾಡುವುದೂ ಹೆಚ್ಚುಕಮ್ಮಿ ಇದೇ. ನಾಲ್ಕಾದ ಕೂಡಲೇ ಚೌಕದ ಗೆರೆ ದಪ್ಪ ಆಗುತ್ತದೆ. ಮೊದಲ ವಾರ ನಿಯಮ ಮುರಿದದ್ದು ಭಾವನೇ, ಎರಡು ಸಲ.

ವಾರ 11

ಒಳಗೆ ಈಗ 29 ಜಾಬ್. ರೀವರ್ಕ್ ಇನ್ನೂ ಬಗೆಹರಿದಿಲ್ಲ. ಇನ್‌ಸ್ಪೆಕ್ಷನ್‌ನಲ್ಲಿ ಆರು ಪೀಸ್ ರಿಜೆಕ್ಟ್ ಆಗಿ ಗ್ರೈಂಡಿಂಗ್‌ಗೆ ವಾಪಸ್ ಹೋದರೆ, ಒಂದೇ ಜಾಬ್ ಎರಡು ಚೌಕದಲ್ಲಿ ಇರಬೇಕು. ನನ್ನ ಡೇಟಾಬೇಸಿಗೆ ಅದು ಗೊತ್ತಿಲ್ಲ. ಸದ್ಯಕ್ಕೆ ಸೂಪರ್‌ವೈಸರ್ ಟಿವಿ ಪಕ್ಕದ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಾರೆ. ಜಾಬ್ ನಂಬರ್‌ಗೆ ಎ, ಬಿ ಸೇರಿಸಿ ಒಡೆಯಬೇಕು ಅಂತಿದ್ದೇನೆ, ಮುಂದಿನ ಶನಿವಾರ.

ಆಯುಧ ಪೂಜೆ ಕಳೆದು ಶಾಪ್ ತೆರೆದ ದಿನ ಭಾವನ ಫೋನ್: ಒಂದು ಸ್ಕ್ಯಾನರೂ ಓದುತ್ತಿಲ್ಲ. ಅರ್ಧ ಗಂಟೆ ಮನೆಯಿಂದಲೇ ಪೈ ಒಳಗೆ ಹೊಕ್ಕು ತಡಕಿದೆ, ಎಲ್ಲ ಸರಿಯಾಗಿತ್ತು. ಕೊನೆಗೆ ಫೋಟೋ ಕಳಿಸು ಅಂದೆ. ಲೇತ್‌ಗೆ ಹಚ್ಚಿದ ಹಾಗೆ ಮೂರೂ ಸ್ಕ್ಯಾನರ್‌ಗೂ ಭಕ್ತಿಯಿಂದ ಕುಂಕುಮ ಹಚ್ಚಿದ್ದರು, ಸರಿಯಾಗಿ ಲೆನ್ಸ್ ಮೇಲೆ.