ಶೂ ಒಳಗಿನ ಪೇಪರ್

ಹೋದ ಮಂಗಳವಾರದಿಂದ ಒಂದೇ ದೃಶ್ಯ ಕಣ್ಣ ಮುಂದೆ ಬರುತ್ತಿದೆ. ಮಗಳು ಬಗ್ಗಿ ಶೂ ಲೇಸ್ ಬಿಚ್ಚುತ್ತಿದ್ದಾಳೆ. ಮೊದಲು ಎಡಗಾಲಿನದು, ಆಮೇಲೆ ಬಲಗಾಲಿನದು. ದೇವಸ್ಥಾನದ ಹೊರಗೆ ಚಪ್ಪಲಿ ಬಿಡುವ ಹಾಗೆ ಎರಡನ್ನೂ ಜೋಡಿಸಿ ಪಕ್ಕಕ್ಕಿಡುತ್ತಾಳೆ. ಬರೀ ಸಾಕ್ಸ್‌ನಲ್ಲಿ ಹೋಗಿ ಅಳತೆ ಪಟ್ಟಿಯ ಕೆಳಗೆ ನಿಲ್ಲುತ್ತಾಳೆ. ಹಿಮ್ಮಡಿ ನೆಲಕ್ಕೆ ಒತ್ತಿಕೊಂಡಿದೆ, ಕಣ್ಣು ನೇರ ಮುಂದಕ್ಕೆ.

ಶೂ ಬಿಚ್ಚು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಅವಳ ಮುಂದೆ ಇದ್ದ ಹುಡುಗ ಶೂ ಹಾಕಿಕೊಂಡೇ ನಿಂತು, ಪಾಸಾಗಿ ಒಳಗೆ ಓಡಿದ್ದ.

ಮಕ್ಕಳ ಬೇಸಿಗೆ ರಜೆಗೆ ನಾವೆಲ್ಲ ಸ್ಪೇನಿನ ಸಲೌಗೆ ಹೋಗಿದ್ದೆವು. ನಾವು ನಾಲ್ವರು, ಊರಿಂದ ಬಂದಿರುವ ನಮ್ಮತ್ತೆ, ಭಾವನ ಮನೆಯವರು ಮೂವರು. ಇಂಗ್ಲೆಂಡಿನ ಲೀಡ್ಸ್‌ನಿಂದ ರೆಯುಸ್‌ಗೆ ವಿಮಾನ, ಅಲ್ಲಿಂದ ಸಲೌ ಹತ್ತಿರ. ಕಡಲ ತೀರದ ಆ ಭಾಗವನ್ನು ಕೋಸ್ತಾ ದೌರಾದಾ ಅಂತಾರೆ, ಚಿನ್ನದ ಕರಾವಳಿ ಅಂತ ಅರ್ಥ. ಹೆಸರು ಸುಮ್ನೆ ಬಂದಿಲ್ಲ. ಸಂಜೆ ಬಿಸಿಲಿಗೆ ಮರಳು ನಿಜವಾಗಲೂ ಆ ಬಣ್ಣಕ್ಕೆ ತಿರುಗುತ್ತದೆ. ನೀರು ತುಂಬ ದೂರದವರೆಗೂ ಮೊಣಕಾಲುದ್ದ. ಆರು ವರ್ಷದ ಮಗನನ್ನು ಬಿಟ್ಟು ದಡದಲ್ಲಿ ಕೂತರೂ ಎದೆ ಹೊಡೆದುಕೊಳ್ಳುವುದಿಲ್ಲ. ಅತ್ತೆ ಸೀರೆ ಎತ್ತಿ ಕಟ್ಟಿಕೊಂಡು ದಿನಾ ಒಂದು ಗಂಟೆ ನೀರಲ್ಲಿ ನಿಲ್ಲುತ್ತಿದ್ದರು. ಯಾರೂ ತಿರುಗಿ ನೋಡಲಿಲ್ಲ. ಬೆಳಿಗ್ಗೆ ಅಲ್ಲಿಯವರು ಬ್ರೆಡ್ಡಿಗೆ ಹಸಿ ಟೊಮ್ಯಾಟೊ ಉಜ್ಜಿ, ಎಣ್ಣೆ, ಉಪ್ಪು ಹಾಕಿ ತಿನ್ನುತ್ತಾರೆ. ಅತ್ತೆಗೆ ಅದು ಎಷ್ಟು ಹಿಡಿಸಿತು ಅಂದರೆ, ಊರಿಂದ ತಂದ ಮಾವಿನಕಾಯಿ ಉಪ್ಪಿನಕಾಯಿಯನ್ನು ಅದರ ಪಕ್ಕದಲ್ಲೇ ಇಟ್ಟುಕೊಂಡು ದಿನಾ ಎರಡೆರಡು ತುಂಡು ತಿಂದರು. ಕತ್ತಲಾಗುವುದೇ ರಾತ್ರಿ ಒಂಬತ್ತೂವರೆಗೆ. ಹನ್ನೊಂದು ಗಂಟೆಗೂ ಪುಟ್ಟ ಪುಟ್ಟ ಮಕ್ಕಳು ತಾಳೆ ಮರಗಳ ಸಾಲಿನಲ್ಲಿ ಓಡಾಡುತ್ತಿರುತ್ತವೆ. ಅಜ್ಜ ಅಜ್ಜಿಯರು ಬೆಂಚಿನ ಮೇಲೆ ಮಾತಾಡುತ್ತಾ ಕೂತಿರುತ್ತಾರೆ. ಆ ಊರಿನ ಜನ ಮನೆಮಂದಿಯನ್ನೆಲ್ಲ ಕಟ್ಟಿಕೊಂಡೇ ಬೀದಿಗೆ ಬರುವುದು ನನಗೆ ತುಂಬ ಇಷ್ಟವಾಯಿತು.

ಆದರೆ ಮಕ್ಕಳಿಗೆ ಬೇಕಾಗಿದ್ದು ಕಡಲಲ್ಲ. ಅವರಿಗೆ ಬೇಕಾಗಿದ್ದು ಪೋರ್ಟ್‌ಅವೆಂಚುರಾ ಅನ್ನುವ ಥೀಮ್ ಪಾರ್ಕ್. ಅದರಲ್ಲೂ ಅಲ್ಲಿನ ರೋಲರ್ ಕೋಸ್ಟರ್ ಶಂಭಾಲಾ.

ಸಲೌನ ರಸ್ತೆಗಳಿಂದಲೇ ಆ ರೈಡ್ ಕಾಣುತ್ತದೆ. 76 ಮೀಟರ್ ಎತ್ತರದ ಬಿಳಿ ಹಳಿ. ಮೇಲಿಂದ ಬಿದ್ದಾಗ ಗಂಟೆಗೆ 134 ಕಿಲೋಮೀಟರ್ ವೇಗ. 2012ರಲ್ಲಿ ಶುರುವಾದದ್ದು. ಅದರ ಪಕ್ಕದಲ್ಲೇ, ಹಳಿಗೆ ಹಳಿ ಹೆಣೆದುಕೊಂಡ ಹಾಗೆ, ಡ್ರ್ಯಾಗನ್ ಖಾನ್ ಇದೆ. ಅದು ಎಂಟು ಸಲ ತಲೆ ಕೆಳಗು ಮಾಡುತ್ತದೆ. 1995ರಲ್ಲಿ ಪಾರ್ಕ್ ತೆರೆದಾಗ ಅಷ್ಟು ಸಲ ಮಗುಚುವ ರೈಡ್ ಪ್ರಪಂಚದಲ್ಲಿ ಬೇರೆ ಇರಲಿಲ್ಲ. 1995ನೇ ಇಸವಿ ಇನ್ನೊಂದು ಕಾರಣಕ್ಕೆ ನನ್ನ ತಲೆಯಲ್ಲಿ ಕೂತಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಶಂಭಾಲಾ ಅಂತ ಹೆಸರು ಕೇಳಿದ್ದೇ ಅತ್ತೆ, "ಅದು ಕಲ್ಕಿ ಹುಟ್ಟೋ ಊರಲ್ವೇನೇ?" ಅಂದರು. ಭಾಗವತದಲ್ಲಿ ಬರುವ ಊರಿನ ಹೆಸರು ಹಿಮಾಲಯದ ಕಥೆಗಳನ್ನೆಲ್ಲ ದಾಟಿ ಸ್ಪೇನಿನ ಕಡಲ ಪಕ್ಕ ಬಂದು ನಿಂತಿದೆ. ಮಗಳಿಗೆ ಇದು ಭಾರಿ ಖುಷಿ ಕೊಟ್ಟಿತು. "ಅಜ್ಜಿ, ಅದು ನಮ್ಮ ರೈಡ್" ಅಂದಳು. ಆರು ತಿಂಗಳಿಂದ ಅವಳು ಅದರದ್ದೇ ವಿಡಿಯೊ ನೋಡುತ್ತಿದ್ದಳು. ಎಷ್ಟನೇ ಸೆಕೆಂಡಿಗೆ ಯಾವ ದಿಬ್ಬ ಬರುತ್ತದೆ ಅನ್ನುವುದು ಅವಳಿಗೆ ಬಾಯಿಪಾಠ.

ಹತ್ತಬೇಕಾದರೆ 140 ಸೆಂಟಿಮೀಟರ್ ಎತ್ತರ ಇರಬೇಕು. ನನ್ನ ಮಗಳು ಬರಿಗಾಲಲ್ಲಿ 137. ಶೂ ಹಾಕಿಕೊಂಡರೆ 139.

ಉಪಾಯ ಹೇಳಿದ್ದು ನನ್ನ ವಾರಗಿತ್ತಿ. ಎರಡು ವರ್ಷದ ಹಿಂದೆ ಇಂಗ್ಲೆಂಡಿನ ಒಂದು ಪಾರ್ಕಿನಲ್ಲಿ ಅವಳ ಮಗನಿಗೂ ಹೀಗೇ ಒಂದು ಚೂರು ಕಮ್ಮಿ ಇತ್ತಂತೆ. ಶೂ ಒಳಗೆ ಟಿಶ್ಯೂ ಪೇಪರ್ ಮಡಿಚಿ ಇಟ್ಟಳಂತೆ. "ಏನೂ ಆಗ್ಲಿಲ್ಲ ಕಣೇ" ಅಂದಳು. ಅವಳು ಒಳ್ಳೆಯವಳು, ಮನೆಗೆ ಬಂದವರಿಗೆ ಹೊಟ್ಟೆ ತುಂಬ ಬಡಿಸುವವಳು. ಆದರೆ ಅವಳ ಹತ್ತಿರ ಎಲ್ಲದಕ್ಕೂ ಇದೊಂದೇ ಉತ್ತರ. ಸೀಟ್ ಬೆಲ್ಟ್ ಇಲ್ಲದೆ ಹೋದ್ವಿ, ಏನೂ ಆಗ್ಲಿಲ್ಲ. ಡೇಟ್ ಮುಗಿದ ಮಾತ್ರೆ ನುಂಗಿದೆ, ಏನೂ ಆಗ್ಲಿಲ್ಲ. ಇದನ್ನೆಲ್ಲ ಕೇಳಿ ನನಗೆ ಹಿಂದೆ ಸಿಟ್ಟು ಬಂದದ್ದುಂಟು. ಆ ದಿನ ಬರಲಿಲ್ಲ. ಮಗಳ ಮುಖ ನೋಡಿದೆ. ಹೋಟೆಲ್ ರೂಮಿನ ಬಾತ್‌ರೂಮಿಗೆ ಹೋಗಿ ಟಿಶ್ಯೂ ತಂದೆ.

ಮಂಚದ ಅಂಚಿನಲ್ಲಿ ಕೂತು ನಾಲ್ಕು ಮಡಿಕೆ ಮಾಡಿದೆ. ಸಾಲದು ಅನ್ನಿಸಿ ಎಂಟು ಮಾಡಿದೆ. ಹಿಮ್ಮಡಿಯ ಆಕಾರಕ್ಕೆ ಅಂಚು ಹರಿದೆ. ಇನ್‌ಸೋಲ್ ಎತ್ತಿ, ಅದರ ಕೆಳಗೆ ಇಟ್ಟು, ಹೆಬ್ಬೆರಳಿನಿಂದ ಒತ್ತಿ ಕೂರಿಸಿದೆ. ಮಗಳು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

"ಅವರಿಗೆ ಗೊತ್ತಾಗಲ್ವಾ?" ಅಂದಳು.

"ಗೊತ್ತಾಗಲ್ಲ" ಅಂದೆ.

ಈಗ ಯೋಚಿಸಿದರೆ, ಅವಳು ಕೇಳಿದ್ದು ಅದನ್ನಲ್ಲ. ಹತ್ತು ವರ್ಷದ ಮಗು, ಅಮ್ಮನಿಗೆ ನೇರವಾಗಿ ಇದು ತಪ್ಪಲ್ವಾ ಅಂತ ಕೇಳಲು ಹಿಂಜರಿದು, ಕೇಳಬಹುದಾದ ಪ್ರಶ್ನೆಯನ್ನು ಕೇಳಿತ್ತು. ನಾನು ಆ ಪ್ರಶ್ನೆಗಷ್ಟೇ ಉತ್ತರ ಕೊಟ್ಟು ಲೇಸ್ ಬಿಗಿದೆ.

ನನ್ನ ಗಂಡನಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ಬಿಡುತ್ತಿರಲಿಲ್ಲ. ಅವನು ಮಗನನ್ನು ಕರೆದುಕೊಂಡು ಚಿಕ್ಕ ಮಕ್ಕಳ ಜಾಗಕ್ಕೆ ಹೋಗಿದ್ದ. ಭಾವ, ಅವರ ಮಗ, ನಾನು, ಮಗಳು ಶಂಭಾಲಾ ಕಡೆ ನಡೆದೆವು. ಅಳತೆ ಪಟ್ಟಿ ಹಿಡಿದು ನಿಂತಿದ್ದವಳು ಇಪ್ಪತ್ತು ಇಪ್ಪತ್ತೊಂದರ ಹುಡುಗಿ. ಬಿಸಿಲಿಗೆ ಮೂಗಿನ ಮೇಲೆ ಕೆಂಪಾಗಿತ್ತು. ಮಗಳು ಶೂ ಬಿಚ್ಚಲು ಕೂತಾಗ ಅವಳಿಗೂ ಆಶ್ಚರ್ಯ. ನನ್ನ ಮುಖ ನೋಡಿದಳು. ನಾನು ಬೇರೆ ಕಡೆ ನೋಡಿದೆ.

ಪಟ್ಟಿಗೂ ಮಗಳ ತಲೆಗೂ ನಡುವೆ ಮೂರು ಬೆರಳು ಜಾಗ ಉಳಿಯಿತು. ಆ ಹುಡುಗಿ ಮಂಡಿಯೂರಿ ಕೂತು, ಮಗಳ ಕಣ್ಣಿಗೆ ಕಣ್ಣು ಸರಿಯಾಗಿ ಇಟ್ಟು, "ನೆಕ್ಸ್ಟ್ ಇಯರ್" ಅಂದಳು. ಅಂದು ಕೈ ಮುಂದೆ ಚಾಚಿದಳು. ಮಗಳು ಕೈ ಕುಲುಕಿದಳು. ದೊಡ್ಡವರು ದೊಡ್ಡವರ ಜೊತೆ ಕುಲುಕುವ ಹಾಗೆ. ಆಮೇಲೆ ಶೂ ಹಾಕಿಕೊಂಡು ಹೊರಗೆ ನಡೆದಳು.

ಭಾವನ ಮಗ ಹತ್ತಿದ. ನಾವಿಬ್ಬರೂ ಕಂಬಿ ಪಕ್ಕ ನಿಂತು ನೋಡಿದೆವು.

"ಯಾಕೆ ಪುಟ್ಟಿ ಶೂ ತೆಗೆದೆ?"

"ಅದು ನನ್ನ ಹೈಟ್ ಅಲ್ವಲ್ಲಮ್ಮ."

ಇಷ್ಟೇ ಮಾತು. ಸಿಟ್ಟಿಲ್ಲ, ನನಗೆ ಪಾಠ ಹೇಳಬೇಕು ಅಂತಲೂ ಇಲ್ಲ. ಗೊತ್ತಿಲ್ಲದವರಿಗೆ ಗೊತ್ತಿರುವವರು ದಾರಿ ಹೇಳುವ ಹಾಗೆ ಹೇಳಿದಳು. ಹೇಳಿ, ಮೇಲೆ ಹತ್ತುತ್ತಿದ್ದ ರೈಲಿನ ಕಡೆ ತಿರುಗಿದಳು. ಅವಳ ತುಟಿ ಸ್ವಲ್ಪ ನಡುಗುತ್ತಿತ್ತು. ಅಳಲಿಲ್ಲ.

ಅಲ್ಲಿ ನಿಂತಾಗ ನಾನು ಮೊದಲ ಸಲ ಆ ರೈಡನ್ನು ಸರಿಯಾಗಿ ನೋಡಿದೆ. ಅದಕ್ಕೆ ಭುಜದ ಮೇಲೆ ಬರುವ ಕಂಬಿ ಇಲ್ಲ. ತೊಡೆಯ ಮೇಲೆ ಒಂದು ಹಿಡಿಕೆ ಅಷ್ಟೇ. ಒಂದರ ಹಿಂದೆ ಒಂದು ದಿಬ್ಬ. ಪ್ರತಿ ದಿಬ್ಬದ ನೆತ್ತಿಯಲ್ಲೂ ಮೈ ಸೀಟಿನಿಂದ ಮೇಲೇಳುತ್ತದೆ. ಅದಕ್ಕೇ ಜನ ಕ್ಯೂ ನಿಂತು ಹತ್ತುವುದು. ಆ ಗಳಿಗೆಯಲ್ಲಿ ಮಗುವನ್ನು ಹಿಡಿದಿಡುವುದು ತೊಡೆಯ ಮೇಲಿನ ಆ ಹಿಡಿಕೆ ಮಾತ್ರ. 140 ಅನ್ನುವುದು ಆ ಹಿಡಿಕೆ ಸರಿಯಾಗಿ ಕೂರುವ ಮೈಗೆ ಇಟ್ಟ ಲೆಕ್ಕ. ನಾನು ಮಡಿಚಿಟ್ಟ ಪೇಪರ್ ಹಿಮ್ಮಡಿಗೆ ಒಂದು ಸೆಂಟಿಮೀಟರ್ ಕೊಡುತ್ತದೆ. ತೊಡೆಗೆ ಏನೂ ಕೊಡುವುದಿಲ್ಲ. ರೈಲು ಮೊದಲ ದಿಬ್ಬದಿಂದ ಕೆಳಗೆ ಧುಮುಕಿದಾಗ ನನ್ನ ಅಂಗೈ ಬೆವತಿತ್ತು.

ಈಗ 1995ಕ್ಕೆ ಬರುತ್ತೇನೆ.

ನನಗಾಗ ಹದಿಮೂರು. ಅಪ್ಪ ಅರಸೀಕೆರೆ ಕಡೆ ಪ್ರೈಮರಿ ಸ್ಕೂಲ್ ಮೇಷ್ಟ್ರು. ಹಾಸನದಲ್ಲಿ ಸೋದರತ್ತೆಯ ಮಗಳ ಮದುವೆ. ಅಮ್ಮ ಮುಂಚೆಯೇ ಹೋಗಿದ್ದರು. ಕೆಂಪು ಬಸ್ ಹತ್ತುವ ಮೊದಲು ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ವಯಸ್ಸು ಕೇಳಿದ್ರೆ ಹನ್ನೊಂದು ಅನ್ನು" ಅಂದರು. ಹನ್ನೆರಡರವರೆಗೆ ಅರ್ಧ ಟಿಕೆಟ್. ನಾನು ಕುಳ್ಳಗೆ, ಸಣ್ಣಕೆ ಇದ್ದೆ. ನಂಬುವ ಹಾಗೇ ಇತ್ತು.

ಕಂಡಕ್ಟರ್ ವಯಸ್ಸು ಕೇಳಲಿಲ್ಲ. ಅನುಭವಸ್ಥ. "ಎಷ್ಟನೇ ಕ್ಲಾಸು ಪುಟ್ಟಮ್ಮ?" ಅಂದ. ನಾನು "ಎಂಟು" ಅಂದುಬಿಟ್ಟೆ.

ಅವನು ನಕ್ಕ. "ಏನ್ ಮೇಷ್ಟ್ರೇ" ಅಂದ, ಅಷ್ಟೇ. ಅಕ್ಕಪಕ್ಕದವರು ನೋಡಿದರು. ಅಪ್ಪ ಜೇಬಿನಿಂದ ಮತ್ತೆ ದುಡ್ಡು ತೆಗೆದು ಕೊಟ್ಟು, ಕಿಟಕಿ ಕಡೆ ತಿರುಗಿದರು. ಹಾಸನ ಬರುವವರೆಗೆ ಒಂದು ಮಾತಾಡಲಿಲ್ಲ. ನನ್ನ ಮೇಲೆ ಸಿಟ್ಟು ಅಂದುಕೊಂಡೆ. ಹೇಳಿಕೊಟ್ಟಷ್ಟನ್ನೂ ಸರಿಯಾಗಿ ಹೇಳಲು ಬರಲಿಲ್ಲವಲ್ಲ ಅಂತ. ಮದುವೆಯ ಎರಡು ದಿನವೂ ಅಪ್ಪನ ಕಣ್ಣಿಗೆ ಬೀಳದ ಹಾಗೆ ಓಡಾಡಿದೆ. ಮೂವತ್ತು ವರ್ಷ ಅದನ್ನು ಹಾಗೇ ನಂಬಿಕೊಂಡಿದ್ದೆ.

ಅಪ್ಪ ಕೆಟ್ಟವರಲ್ಲ. ಮೇಷ್ಟ್ರ ಸಂಬಳದಲ್ಲಿ ಮದುವೆಗೆ ಉಡುಗೊರೆ, ಬಟ್ಟೆ, ಬಸ್ ಚಾರ್ಜು ಎಲ್ಲ ಹೊಂದಿಸಬೇಕಿತ್ತು. ನನಗಿದ್ದ ಕಾರಣ ಅದಲ್ಲ. ಮಗಳಿಗೆ ಬೇಸರವಾಗಬಾರದು ಅನ್ನುವುದು. ಎರಡರಲ್ಲಿ ಯಾವುದು ವಾಸಿ ಅಂತ ತೂಗಲು ಹೋದರೆ ಅಪ್ಪನದ್ದೇ ವಾಸಿ ಅನ್ನಿಸುತ್ತದೆ. ಅವರ ಕಷ್ಟ ನಿಜವಾದ ಕಷ್ಟ.

ಈ ವಾರವೆಲ್ಲ ನನ್ನನ್ನು ಕಾಡಿದ್ದು ಇನ್ನೊಂದು ವಿಷಯ. ನಾವು ದೊಡ್ಡವರು ನಮ್ಮ ಚಿಕ್ಕ ಸುಳ್ಳುಗಳನ್ನು ಮಕ್ಕಳ ಕೈಯಲ್ಲೇ ಯಾಕೆ ಹೇಳಿಸುತ್ತೇವೆ? ಸಾಲದವರು ಬಂದರೆ "ಅಪ್ಪ ಮನೇಲಿಲ್ಲ ಅಂತ ಹೇಳು". ಚೀಟಿ ಆಂಟಿ ಫೋನ್ ಮಾಡಿದರೆ "ಅಮ್ಮ ಮಲಗಿದಾಳೆ ಅನ್ನು". ಸ್ಕೂಲಿಗೆ ಚಕ್ಕರ್ ಹೊಡೆಸಿ ಮದುವೆಗೆ ಕರೆದುಕೊಂಡು ಹೋಗಿ, ಮಾರನೇ ದಿನ "ಜ್ವರ ಇತ್ತು ಅನ್ನು". ಮಕ್ಕಳ ಮುಖ ನೋಡಿ ಜನ ನಂಬುತ್ತಾರೆ. ಆ ನಂಬಿಕೆಯನ್ನು ನಾವು ಖರ್ಚು ಮಾಡುತ್ತೇವೆ. ಅದು ನಮ್ಮದಲ್ಲ, ಮಗುವಿನದು. ಸುಳ್ಳು ಸಿಕ್ಕಿಬಿದ್ದರೆ ಎಲ್ಲರೆದುರು ನಿಂತುಕೊಳ್ಳಬೇಕಾದದ್ದೂ ಮಗುವೇ. ಬಸ್ಸಿನಲ್ಲಿ ಅಪ್ಪನಿಗೆ ಕಿಟಕಿ ಇತ್ತು. ನನಗೆ ಇರಲಿಲ್ಲ. ಮಂಗಳವಾರ ಆ ಹುಡುಗಿ ನನ್ನ ಮುಖ ನೋಡಿದಾಗ ನಾನೂ ಬೇರೆ ಕಡೆ ನೋಡಿದೆನಲ್ಲ, ಅದು ನನಗೆ ಅಪ್ಪನ ಕಿಟಕಿಯ ಹಾಗೇ ಕಂಡಿತು.

ಶಂಭಾಲಾದಿಂದ ಬಂದ ಮೇಲೆ ಮಗಳು ಬೇಗ ಸರಿಹೋದಳು. ಟುಟುಕಿ ಸ್ಪ್ಲ್ಯಾಶ್ ಅಂತ ಒಂದು ನೀರಿನ ರೈಡ್ ಇದೆ. ಜ್ವಾಲಾಮುಖಿಯ ಹಾಗೆ ಕಟ್ಟಿದ ಗುಡ್ಡದಿಂದ ದೋಣಿ ಕೆಳಗೆ ಬಿದ್ದು ಎಲ್ಲರನ್ನೂ ತೋಯಿಸುತ್ತದೆ. ಅದರಲ್ಲಿ ಮೂರು ಸಲ ಹೋದಳು. ಮೂರನೇ ಸಲ ಅಜ್ಜಿಯನ್ನು ಕಂಬಿಯ ಹತ್ತಿರ ನಿಲ್ಲಿಸಿ, ನೀರು ಹಾರಿಸಿ ನಗಿಸಿದಳು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಒದ್ದೆ ಶೂ ಬಾಲ್ಕನಿಯಲ್ಲಿ ಇಡಲು ಹೋದೆ. ಇನ್‌ಸೋಲ್ ಎತ್ತಿದೆ. ಪೇಪರ್ ನೀರಲ್ಲಿ ನೆಂದು, ಅವಳು ಇಡೀ ದಿನ ತುಳಿದು, ರುಬ್ಬಿದ ಹಿಟ್ಟಿನ ಹಾಗಾಗಿತ್ತು. ಬೆರಳಿನಿಂದ ಕೆರೆದು ತೆಗೆದೆ. ಉಗುರಿನ ಸಂದಿಯಲ್ಲೆಲ್ಲ ಹತ್ತಿಕೊಂಡಿತು. ಮೂಲೆಯಲ್ಲಿ ಸೇರಿಕೊಂಡ ಚೂರು ಬರಲೇ ಇಲ್ಲ. ಹೇರ್‌ಪಿನ್ ತಂದು ಕೆದಕಿದೆ. ಕೆಳಗೆ ಬೀದಿಯಲ್ಲಿ ಇನ್ನೂ ಮಕ್ಕಳು ಓಡಾಡುತ್ತಿದ್ದವು.

ಮಾರನೇ ಬೆಳಿಗ್ಗೆ ಗಂಡನಿಗೆ ಹೇಳಿದೆ. ಅವನು ತುಂಬ ಹೊತ್ತು ಸುಮ್ಮನಿದ್ದು, "ಅವಳಿಗೆ ಸಾರಿ ಹೇಳಿದ್ಯಾ?" ಅಂದ. ಹೇಳಿರಲಿಲ್ಲ. ಹೇಳಿದೆ. ಮಗಳು "ಪರವಾಗಿಲ್ಲಮ್ಮ" ಅಂದು ಟೊಮ್ಯಾಟೊ ಉಜ್ಜುವುದನ್ನು ಮುಂದುವರಿಸಿದಳು.

ಆಮೇಲೆ ಅಪ್ಪನಿಗೆ ಫೋನ್ ಮಾಡಿದೆ. ನಮ್ಮಲ್ಲಿ ಎಂಟು ಗಂಟೆ, ಅರಸೀಕೆರೆಯಲ್ಲಿ ಹನ್ನೊಂದೂವರೆ. ಪೇಪರ್ ಓದಿ ಮುಗಿಸಿ ಜಗುಲಿಯಲ್ಲಿ ಕೂತಿದ್ದರು. ಎಲ್ಲ ಹೇಳಿದೆ. ಬಸ್ಸಿನ ಸುದ್ದಿ ನಾನು ಎತ್ತಲಿಲ್ಲ. ಮೂವತ್ತು ವರ್ಷದಲ್ಲಿ ಒಂದು ಸಲವೂ ಎತ್ತಿಲ್ಲ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಲೈನ್ ಹೋಯಿತೇನೋ ಅಂದುಕೊಂಡೆ.

"ನಾಲ್ಕೂವರೆ ರೂಪಾಯಿ" ಅಂದರು ಅಪ್ಪ.

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

"ಮಗು ಅತ್ತಳಾ?"

"ಇಲ್ಲಪ್ಪ. ಅಳಲಿಲ್ಲ."

"ನೀನು ಅತ್ತಿದ್ದೆ. ಹಾಸನ ಬರೋವರೆಗೂ. ಕಿಟಕಿ ಗಾಜಲ್ಲಿ ಕಾಣ್ತಿತ್ತು."