"ಬರೀ ಗಾಬ್ಲಿನ್ ಅಲ್ವಾ? ಸತ್ತರೆ ಏನಾಯ್ತು?"

ಮಂಗಳೂರಿನ ಕದ್ರಿಯಲ್ಲಿ ಭಾನುವಾರ ಸಂಜೆ ನಾನು ಡಂಜನ್ಸ್ ಆಂಡ್ ಡ್ರಾಗನ್ಸ್ ಆಡಿಸುತ್ತೇನೆ. ಮೇಜಿನ ಸುತ್ತ ಕೂತು, ಡೈಸ್ ಹಾಕಿ, ಮಾತಿನಲ್ಲೇ ಕಥೆ ಕಟ್ಟುವ ಆಟ. ಆಡುವವರಿಗೆ ಒಂದೊಂದು ಪಾತ್ರ. ಉಳಿದ ಲೋಕವೆಲ್ಲ ಗೇಮ್ ಮಾಸ್ಟರ್ ಆದ ನನ್ನ ಪಾಲಿಗೆ. ಗಾಬ್ಲಿನ್ ಅನ್ನುವ ಕುಳ್ಳ ರಾಕ್ಷಸರೂ ಅದರಲ್ಲೇ. ನನ್ನ ಮೇಜಿನಲ್ಲಿ ಯಾರನ್ನಾದರೂ ಕೊಂದರೆ ಅದರ ಲೆಕ್ಕ ಮುಂದೆ ಬಂದೇ ಬರುತ್ತದೆ. ಆಗ ಈ ಪ್ರಶ್ನೆ ಏಳುತ್ತದೆ. ಬಾಯಲ್ಲಿ ಉತ್ತರ ಹೇಳಿ ಸಾಕಾಗಿದೆ.

ಆ "ಬರೀ" ಇದೆಯಲ್ಲ, ಅದು ನನಗೆ ಆಗುವುದಿಲ್ಲ.

ತಪ್ಪು ಪೂರ್ತಿ ನಿಮ್ಮದಲ್ಲ, ಒಪ್ಪುತ್ತೇನೆ. 2014ರ ನಿಯಮಗಳಲ್ಲಿ ಗಾಬ್ಲಿನ್‌ಗೆ 7 ಹಿಟ್ ಪಾಯಿಂಟ್, ಅಂದರೆ ಜೀವದ ಅಂಕ. ಸೋಲಿಸಿದರೆ 50 ಎಕ್ಸ್‌ಪಿ, ಅಂದರೆ ಅನುಭವದ ಅಂಕ. ಎರಡನೇ ಲೆವೆಲ್‌ಗೆ 300 ಬೇಕು. ತಲೆಗೆ ಇಷ್ಟು ಅಂತ ದರ ಬರೆದಿಟ್ಟರೆ ಜನ ತಲೆ ಎಣಿಸುತ್ತಾರೆ. ಆದರೆ ಅದೇ ನಿಯಮಗಳಲ್ಲಿ ಇನ್ನೊಂದು ಮಾತೂ ಇದೆ. ಹತ್ತಿರ ನಿಂತು ಹೊಡೆದು ಎದುರಾಳಿಯನ್ನು 0ಗೆ ಇಳಿಸಿದಾಗ, ಕೊಲ್ಲದೆ ಪ್ರಜ್ಞೆ ತಪ್ಪಿಸಬಹುದು. ಅದಕ್ಕೆ ಬೇರೆ ಡೈಸ್ ಹಾಕುವುದೂ ಬೇಡ. "ಕೊಲ್ಲಲ್ಲ" ಅಂದರೆ ಸಾಕು. ಎಷ್ಟು ಜನ ಅನ್ನುತ್ತಾರೆ?

ಒಂದು ಜುಲೈ ಸಂಜೆ. ಜೋರು ಮಳೆ, ಕರೆಂಟ್ ಇಲ್ಲ, ಮೊಬೈಲ್ ಬೆಳಕಿನಲ್ಲಿ ಆಟ. ಗುಹೆಯಲ್ಲಿ ನಾಲ್ಕು ಗಾಬ್ಲಿನ್‌ಗಳು. ಮೂರು ಸತ್ತವು. ನಾಲ್ಕನೆಯದು ಕತ್ತಿ ಕೆಳಗಿಟ್ಟು ಕೈ ಎತ್ತಿತು. ಒಬ್ಬ ಹುಡುಗ ಚೀಟಿಯಲ್ಲಿ ಲೆಕ್ಕ ಹಾಕಿದ. "ಇದನ್ನೂ ಸೇರಿಸಿದ್ರೆ ಇನ್ನೂರು" ಅಂದ. ಕಡಿದ. ಎಲ್ಲರ ಕೈಯೂ ಗೋಳಿಬಜೆ ತಟ್ಟೆಗೆ ಹೋಯಿತು. ನನಗೆ ಒಂದು ತುತ್ತೂ ಇಳಿಯಲಿಲ್ಲ.

ನಾನು ಭೂತಕೋಲ ನೋಡುತ್ತಾ ಬೆಳೆದವನು. ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ. ಇನ್ನೆಲ್ಲೂ ಅಂಥದ್ದನ್ನು ಕೆತ್ತಬಾರದೆಂದು ಅರಸ ಅದರ ಶಿಲ್ಪಿ ಕಲ್ಕುಡನ ಒಂದು ಕೈ, ಒಂದು ಕಾಲು ಕಡಿಸಿದ ಅನ್ನುತ್ತದೆ ತುಳುವಿನ ಹಾಡುಗತೆ ಪಾಡ್ದನ. ಕಲ್ಕುಡನೂ ತಂಗಿ ಕಲ್ಲುರ್ಟಿಯೂ ದೈವಗಳಾಗಿ ಅರಸನನ್ನು ಕಾಡಿದರು. ಇವತ್ತಿಗೂ ಅವರಿಗೆ ಕೋಲ ಕಟ್ಟುತ್ತೇವೆ. ಅನ್ಯಾಯ ಆದವರು ತಿರುಗಿ ಬಂದು ಕೇಳುತ್ತಾರೆ ಅಂತ ನಂಬುವ ಊರು ನಮ್ಮದು. ಇಲ್ಲಿ ಕೂತು "ಸತ್ತರೆ ಏನಾಯ್ತು" ಅಂತ ನನ್ನನ್ನು ಕೇಳಬೇಡಿ.

ಮುಂದಿನ ಭಾನುವಾರ ಕಥೆಯ ಸಂತೆಗೆ ಒಬ್ಬಳು ಗಾಬ್ಲಿನ್ ಹುಡುಗಿಯನ್ನು ತಂದೆ. ಅವಳು ಒಬ್ಬೊಬ್ಬರ ಮುಂದೆಯೂ ನಿಂತು "ನನ್ನ ಅಣ್ಣನನ್ನು ನೋಡಿದ್ದೀರಾ?" ಅಂತ ಕೇಳಿದಳು. ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ. ಆ ಹುಡುಗ ಡೈಸ್ ಕೆಳಗಿಟ್ಟ.

"ಇದು ಶಿಕ್ಷೆ ಅಲ್ವಾ?" ಅಂತಲೂ ಕೇಳುತ್ತಾರೆ. ಅಲ್ಲ. ಎಕ್ಸ್‌ಪಿ ಕಿತ್ತುಕೊಂಡರೆ ಶಿಕ್ಷೆ. ನಾನು ಒಂದು ಪಾಯಿಂಟೂ ಮುಟ್ಟಲಿಲ್ಲ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. "ಕೊಲ್ಲದೆ ಮುಗಿಸಲು ನೀವು ದಾರಿ ಇಟ್ಟಿದ್ರಾ?" ಯಾರೂ ಕೇಳಿಲ್ಲ. ಆ ದಿನ ಇಟ್ಟಿರಲಿಲ್ಲ. ಗುಹೆಗೆ ಒಂದೇ ಬಾಯಿ. ಗಾಬ್ಲಿನ್‌ಗಳ ಭಾಷೆ ಯಾರಿಗೂ ಬರುತ್ತಿರಲಿಲ್ಲ. ಸೆರೆ ಸಿಕ್ಕಿದವನನ್ನು ಎಲ್ಲಿಗೆ ಒಯ್ಯಬೇಕು ಅನ್ನುವುದನ್ನೂ ನಾನು ಯೋಚಿಸಿರಲಿಲ್ಲ. ಆ ಸಾವಿನಲ್ಲಿ ನನ್ನ ಪಾಲೂ ಇದೆ.

ಆಮೇಲೆ ಹಳೇ ನಿಯಮಗಳನ್ನು ಓದಿದೆ. 1981ರ ಬೇಸಿಕ್ ಆವೃತ್ತಿಯಲ್ಲಿ ಮೊರೇಲ್ ಅಂತ ಇದೆ. ಗುಂಪಿನಲ್ಲಿ ಮೊದಲ ಸಾವಾದಾಗ ಎರಡು ಡೈಸ್ ಹಾಕಬೇಕು, ಅರ್ಧ ಜನ ಬಿದ್ದಾಗ ಇನ್ನೊಮ್ಮೆ. ಅವರ ಧೈರ್ಯದ ಅಂಕಿಗಿಂತ ಜಾಸ್ತಿ ಬಿದ್ದರೆ ಓಡುತ್ತಾರೆ, ಇಲ್ಲವೇ ಶರಣಾಗುತ್ತಾರೆ. ಈಗ ಅದನ್ನೇ ಬಳಸುತ್ತೇನೆ. ಗುಹೆಗೆ ಎರಡನೇ ಬಾಯಿಯನ್ನೂ ಇಡುತ್ತೇನೆ.

ಆ ಹುಡುಗ ಇನ್ನೂ ಆಡಲು ಬರುತ್ತಾನೆ. ಕಥೆಯಲ್ಲಿ ಆ ಊರಿಗೆ ಹೋದಾಗಲೆಲ್ಲ ಅವನ ಪಾತ್ರ ಆ ತಂಗಿಯ ಗುಡಿಸಲ ಮುಂದೆ ಒಂದು ಸೇರು ಅಕ್ಕಿ ಇಟ್ಟು ಬರುತ್ತದೆ. ಅವಳು ಇನ್ನೂ ಬಾಗಿಲು ತೆರೆದಿಲ್ಲ.